ನೀಲಿ ಏಣಿಯ ವಿಳಾಸ

ಬಸ್ಸಿನಲ್ಲಿದ್ದ ಮೂವತ್ತು ಜನರೂ ಬಲಗಡೆಯ ಕಡಲನ್ನು ನೋಡುತ್ತಿದ್ದರೆ ಅತ್ತಿಗೆ ಮಾತ್ರ ಎಡಗಡೆಯ ಬೀದಿ ಫಲಕಗಳನ್ನು ಓದುತ್ತಿದ್ದಳು.

"ಗಡಿಯಾರದ ಬೀದಿ," ಎಂದಳು ಮೆಲ್ಲಗೆ. "ಇನ್ನು ಬರೋದು ಹಗ್ಗದಂಗಡಿ ಅಡ್ಡರಸ್ತೆ ಇರಬೇಕು."

ಬಸ್ಸು ತಿರುಗಿತು. ಬಂದದ್ದು ಹಗ್ಗದಂಗಡಿ ಅಡ್ಡರಸ್ತೆಯೇ.

ಪಕ್ಕದಲ್ಲಿ ಕೂತಿದ್ದ ನಾದಿನಿ ಕಣ್ಣರಳಿಸಿದಳು. "ಅಯ್ಯೋ ಅತ್ತಿಗೆ, ಈ ಊರಿಗೆ ಯಾವಾಗ ಬಂದಿದ್ರಿ ನೀವು? ನಮ್ಮಣ್ಣನಿಗೆ ಗೊತ್ತಾ?"

"ನಿಮ್ಮಣ್ಣನಿಗೆ ಅವರ ಕನ್ನಡಕ ಎಲ್ಲಿದೆ ಅಂತಾನೇ ಗೊತ್ತಿರಲ್ಲ, ಇನ್ನು ನನ್ನ ಸಂಗತಿ ಏನು ಗೊತ್ತಿರುತ್ತೆ? ಸುಮ್ನೆ ಕೂತ್ಕೋ."

ಅತ್ತಿಗೆ ಈ ನಗರಕ್ಕೆ ಕಾಲಿಟ್ಟದ್ದು ಇದೇ ಮೊದಲು. ಆದರೆ ಮೂವತ್ತೊಂದು ವರ್ಷದಿಂದ ದಿನಕ್ಕೆ ಎರಡು ಹೊತ್ತು ಆಕೆಯ ಕೈ ಇದನ್ನು ಮುಟ್ಟುತ್ತಿತ್ತು. ರೈಲಿನಲ್ಲಿ ಎರಡು ದಿನದಷ್ಟು ದೂರವಿದ್ದ ತನ್ನ ಊರಿನ ಅಂಚೆ ಕಚೇರಿಯಲ್ಲಿ ಆಕೆಯದು ಕಾಗದ ವಿಂಗಡಿಸುವ ಕೆಲಸ. ಗೋಡೆಯುದ್ದಕ್ಕೂ ಮರದ ಗೂಡುಗಳು. ಅವುಗಳಲ್ಲಿ ಹದಿನಾರು ಗೂಡು ಈ ಕಡಲ ನಗರಕ್ಕೇ ಮೀಸಲು. ಲಕೋಟೆಯ ಮೇಲಿನ ಬೀದಿಯ ಹೆಸರನ್ನು ಕಣ್ಣು ಓದಿ ಮುಗಿಸುವ ಮೊದಲೇ, ತುತ್ತು ಬಾಯಿಗೆ ಹೋದಂತೆ ಕೈ ಗೂಡಿಗೆ ಹೋಗುತ್ತಿತ್ತು. ಆ ಕಾಲದಲ್ಲಿ ಫೋನೆಂದರೆ ಮೂಲೆಯಂಗಡಿಯಲ್ಲಿ ಕಾದು ನಿಂತು ಕಿರುಚಿ ಮಾತಾಡುವ ವಸ್ತು. ಹೇಳುವುದಿದ್ದವರು ಕಾಗದ ಬರೆಯುತ್ತಿದ್ದರು.

ಹೀಗಾಗಿ ಹೊಲಿಗೆ ಟೀಚರಾದ ನಾದಿನಿ ಬಂದು, "ರಜ ಬರ್ತಾ ಇದೆ ಅತ್ತಿಗೆ, ಎಲ್ಲಿಗಾದರೂ ಹೋಗಿ ಬರೋಣ, ದೇಶ ಸುತ್ತು ಕೋಶ ಓದು ಅಂತಾರೆ, ಕೋಶ ಓದೋದಂತೂ ನನ್ನ ಕೈಲಾಗಲಿಲ್ಲ" ಎಂದಾಗ ಅತ್ತಿಗೆ ಎರಡನೇ ಮಾತಿಲ್ಲದೆ ಈ ನಗರದ ಹೆಸರು ಹೇಳಿದ್ದಳು. ತನ್ನ ಹದಿನಾರು ಗೂಡುಗಳ ಒಳಗೆ ನಿಜವಾಗಿ ಏನಿದೆ ಎಂದು ನೋಡುವ ಕುತೂಹಲ ಅದು.

ನೋಡಿದರೆ ಎಲ್ಲವೂ ಅದಲು ಬದಲು. ಗೂಡಿನಲ್ಲಿ ಅಕ್ಕಪಕ್ಕ ಇದ್ದ ಎರಡು ಬೀದಿಗಳ ನಡುವೆ ಇಲ್ಲಿ ಇಡೀ ಬಂದರೇ ಇತ್ತು. ವರ್ಷಕ್ಕೆ ನಾಲ್ಕು ಕಾಗದ ಕೂಡ ಹೋಗದ ಬೀದಿಯೊಂದರಲ್ಲಿ ಕಾಲಿಡಲು ಜಾಗವಿರಲಿಲ್ಲ. ರೊಟ್ಟಿ ಅಂಗಡಿಯೊಂದರ ಫಲಕ ಐದು ಲಿಪಿಯಲ್ಲಿತ್ತು. ಐದರಲ್ಲಿ ಒಂದನ್ನು ಓದಿ ಆಕೆ ಮಿಕ್ಕ ನಾಲ್ಕನ್ನು ದಿಟ್ಟಿಸುತ್ತ ನಿಂತಳು. ಕ್ಷೌರದಂಗಡಿಯವನು ಒಬ್ಬ ಗಿರಾಕಿಯನ್ನು ಒಂದು ಭಾಷೆಯಲ್ಲಿ ಬೈದು, ಇನ್ನೊಬ್ಬನನ್ನು ಇನ್ನೊಂದರಲ್ಲಿ ಕರೆದು, ಕನ್ನಡಿಯೊಂದಿಗೆ ಮೂರನೆಯದರಲ್ಲಿ ಹಾಡಿಕೊಳ್ಳುತ್ತಿದ್ದ. ಸಮುದ್ರದ ಕಟ್ಟೆಯ ಮೇಲೆ ಬಣ್ಣ, ಟೋಪಿ, ಗಡ್ಡ ಯಾವುದೂ ಒಬ್ಬರದು ಇನ್ನೊಬ್ಬರಿಗೆ ಹೊಂದದ ನಾಲ್ವರು ಮುದುಕರು ಒಂದೇ ಪೊಟ್ಟಣದ ಕಡಲೆಕಾಯಿ ಸುಲಿದು ತಿನ್ನುತ್ತಿದ್ದರು. ನಾದಿನಿ ಕೊರಳಲ್ಲಿ ಎರವಲು ತಂದ ಕ್ಯಾಮೆರಾ. ರೀಲಿನಲ್ಲಿ ಮೂವತ್ತಾರೇ ಪಟ. ಪ್ರತಿ ಸಲ ಕಣ್ಣಿಗಿಟ್ಟು, "ಬೇಡ ಬಿಡಿ, ಇದಕ್ಕಿಂತ ಚೆನ್ನಾಗಿರೋದು ಸಿಗುತ್ತೆ" ಎಂದು ಇಳಿಸುತ್ತಿದ್ದಳು. ಎರಡು ದಿನದಲ್ಲಿ ತೆಗೆದದ್ದು ಏಳು. ಅದರಲ್ಲಿ ಒಂದು ಅವಳದೇ ಹೆಬ್ಬೆರಳು.

ಎರಡನೆಯ ದಿನ ಬಸ್ಸು ಬಂದರಿನ ಮುಂದೆ ಹಾದುಹೋದಾಗ ಅತ್ತಿಗೆ ಒಮ್ಮೆಲೇ ಎದ್ದು ನಿಂತಳು. ಬಂದರಿನ ಹಿಂದೆ ಒಂದು ದಿಣ್ಣೆ. ಬುಡದಿಂದ ನೆತ್ತಿಯವರೆಗೆ ಒಂದರ ಹೆಗಲ ಮೇಲೊಂದು ಕೂತಂತೆ ಮನೆಗಳು, ಬಣ್ಣ ಬಣ್ಣದ ತಗಡು, ಒಣಗಲು ಹಾಕಿದ ಬಟ್ಟೆ.

"ಅದೇ ಅಲ್ವಾ ಹಡಗುಕಟ್ಟೆ ದಿಣ್ಣೆ?"

ಬಸ್ಸಿನ ಗೈಡು ತಿರುಗಿದ. ಅಚ್ಚುಕಟ್ಟಾಗಿ ಬಾಚಿದ ತಲೆ, ಬಾಯಿತುಂಬ ನಗು. "ಹೌದಮ್ಮ. ನಾಳೆ ಮಧ್ಯಾಹ್ನ ಎಲ್ಲರಿಗೂ ಬಿಡುವು. ಎಲ್ಲಿ ಬೇಕಾದರೂ ತಿರುಗಿ, ಅಲ್ಲಿಗೆ ಮಾತ್ರ ಹೋಗಬೇಡಿ. ಎಲ್ಲೆಲ್ಲಿಂದಲೋ ಬಂದು ಸೇರಿದ ಜನ. ಮನೆಗೆ ನಂಬರಿಲ್ಲ, ಮನುಷ್ಯರಿಗೆ ಗುರುತಿಲ್ಲ."

ಜನ ನಕ್ಕರು. ಅತ್ತಿಗೆಯೂ ನಕ್ಕಳು. ಇದೇ ಮಾತನ್ನು ಆಕೆ ತನ್ನ ಕಚೇರಿಯಲ್ಲಿ ಎಷ್ಟು ಸಲ ಆಡಿರಲಿಲ್ಲ!

ಆ ದಿಣ್ಣೆಗೆ ಹೋಗುವ ಕಾಗದಗಳೆಂದರೆ ಅತ್ತಿಗೆಯ ವಿಂಗಡಣೆ ಕೋಣೆಯಲ್ಲಿ ತಮಾಷೆಯ ಸಾಮಾನು. ನಂಬರಿಲ್ಲದ ವಿಳಾಸಗಳು. "ಮುರಿದ ಲಂಗರಿನ ಎದುರು." "ಎರಡು ಬಾಗಿಲ ಮನೆ, ಕುಂಟು ಬಡಗಿ." ಹನ್ನೆರಡು ವರ್ಷದ ಹಿಂದೆ ಅತ್ತಿಗೆಯೇ ಒಂದು ದಾರಿ ಕಂಡುಹಿಡಿದಿದ್ದಳು. ಇಂಥ ಕಾಗದ ಅಷ್ಟು ದೂರ ಹೋಗಿ, ಆಳು ಸಿಗದೆ, ಮತ್ತೆ ಅಷ್ಟೇ ದೂರ ವಾಪಸ್ ಬರುವುದೇಕೆ? ಮನೆ ನಂಬರಿಲ್ಲದಿದ್ದರೆ ಇಲ್ಲೇ 'ವಿಳಾಸ ಸಾಲದು' ಎಂದು ಸೀಲು ಹೊಡೆದು ಬರೆದವರಿಗೇ ತಿರುಗಿಸಿಬಿಟ್ಟರಾಯಿತು. ಸಾಹೇಬರು ಎಲ್ಲರ ಮುಂದೆ ಹೊಗಳಿದರು. ನೇರಳೆ ಶಾಯಿಯ ಆ ಸೀಲು ಅಂದಿನಿಂದ ಆಕೆಯ ಮೇಜಿನ ಮೇಲೆಯೇ ಇತ್ತು.

ಅವುಗಳಲ್ಲೆಲ್ಲ ಒಂದು ಕಾಗದದ ವಿಳಾಸ ಎಲ್ಲರಿಗೂ ಬಾಯಿಪಾಠ. ಹಸಿರು ಶಾಯಿ, ಗುಂಡು ಗುಂಡು ಅಕ್ಷರ: 'ಬಲೆಯಕ್ಕನಿಗೆ, ನೀಲಿ ಏಣಿ, ಹಡಗುಕಟ್ಟೆ ದಿಣ್ಣೆ.' ವರ್ಷಕ್ಕೆರಡು ಸಲ ತಪ್ಪದೆ ಬರುತ್ತಿತ್ತು. ಬಂದಾಗಲೆಲ್ಲ ಪಕ್ಕದ ಮೇಜಿನ ಮೀಸೆಯವರು, "ಮೇಡಂ, ಏಣಿಗೆ ಕಾಗದ ಬಂತು!" ಎಂದು ಕೂಗುತ್ತಿದ್ದರು. ಆಕೆ ಸೀಲು ಎತ್ತುತ್ತಿದ್ದಳು. ಇಡೀ ಕೋಣೆ ನಗುತ್ತಿತ್ತು. ಎರಡು ವರ್ಷದಿಂದ ಏಕೋ ಅದು ಬಂದಿರಲಿಲ್ಲ.

"ನಾಳೆ ಅಲ್ಲಿಗೇ ಹೋಗೋಣ," ಎಂದಳು ಅತ್ತಿಗೆ. "ನಿಜವಾಗಿ ಅಂಥ ಏಣಿ ಇದೆಯಾ ಅಂತ ನೋಡಬೇಕು. ಒಂದು ಪಟ ತೆಗಿ, ನಮ್ಮ ಮೀಸೆಯವರಿಗೆ ತೋರಿಸಿದರೆ ಬಿದ್ದು ಬಿದ್ದು ನಗ್ತಾರೆ."

"ಬೇಡಾಂತ ಹೇಳಿದ ಜಾಗಕ್ಕೇ ಹೋಗಬೇಕು ನಿಮಗೆ," ಎಂದಳು ನಾದಿನಿ. ಆದರೆ ಮರುದಿನ ಕೈಬಳೆ ಬಿಚ್ಚಿ ಕರವಸ್ತ್ರದಲ್ಲಿ ಗಂಟು ಕಟ್ಟಿ, ಕ್ಯಾಮೆರಾವನ್ನು ಸೆರಗಿನೊಳಗೆ ಬಚ್ಚಿಟ್ಟು, ಬಸುರಿಯಂತೆ ಹೊಟ್ಟೆ ಮುಂದೆ ಮಾಡಿಕೊಂಡು ಹೊರಟೇಬಿಟ್ಟಳು.

ದಿಣ್ಣೆಯ ಬುಡದಲ್ಲಿ, ಕಲ್ಲಿನ ಮೆಟ್ಟಿಲ ಮೇಲೆ ಒಬ್ಬ ಅಂಚೆಯವನು ಕೂತಿದ್ದ. ವಯಸ್ಸಾದವನು. ಒಂದು ಮಂಡಿಗೆ ಬಟ್ಟೆ ಸುತ್ತಿತ್ತು. ತೊಡೆಯ ಮೇಲೆ ಕಾಗದದ ಕಟ್ಟು ಇಟ್ಟುಕೊಂಡು ಒಂದೊಂದಾಗಿ ಮೇಲೆ ಕೆಳಗೆ ಮಾಡುತ್ತಿದ್ದ. ಅದನ್ನು ಕಂಡದ್ದೇ ಅತ್ತಿಗೆಯ ಕಾಲು ನಿಂತಿತು. ಒಲೆ ಕಂಡರೆ ಅಡುಗೆಯವಳ ಕಾಲು ನಿಲ್ಲುವುದಿಲ್ಲವೇ, ಹಾಗೆ.

"ಇದ್ಯಾವ ಲೆಕ್ಕದಲ್ಲಿ ಜೋಡಿಸ್ತಿದ್ದೀರಿ ಅಣ್ಣಾ? ನಂಬರಿಲ್ವಲ್ಲ?"

ಅವನು ತಲೆಯೆತ್ತಿದ. "ನಂಬರ್ ಯಾಕಮ್ಮ? ಮೊದಲು ನೆತ್ತಿಗೆ ಹತ್ತಿಬಿಡ್ತೀನಿ. ಆಮೇಲೆ ಇಳೀತಾ ಹಂಚೋದು. ಮಂಡಿ ನೋವಿದ್ದವನಿಗೆ ಇದೊಂದೇ ಲೆಕ್ಕ. ಇದು ನೋಡಿ, ಕೊಡೆ ರಿಪೇರಿಯವರು, ನೆತ್ತಿ. ಇದು ಮುರಿದ ಲಂಗರು, ಅದಕ್ಕಿಂತ ನಾಲ್ಕು ಮೆಟ್ಟಿಲು ಕೆಳಗೆ. ಇದು ಆ ಭಾಷೆಯಲ್ಲಿದೆ, ನನಗೆ ಓದಕ್ಕೆ ಬರಲ್ಲ. ಆದರೆ ಈ ಸ್ಟಾಂಪು ಅಂಟಿಸೋ ಊರಿಂದ ಬರೋದು ಗಾಜಿನ ಕೆಲಸದವರ ಮನೆಗೆ ಮಾತ್ರ."

"ಒಂದೂ ವಾಪಸ್ ಹೋಗಲ್ವಾ?"

"ಸತ್ತವರದು ಹೋಗುತ್ತೆ. ಅದನ್ನೂ ಪಕ್ಕದ ಮನೆಯವರನ್ನ ಕೇಳಿಯೇ ಕಳಿಸೋದು." ಅವನು ಕಟ್ಟಿಗೆ ದಾರ ಸುತ್ತಿದ. "ನೀವು ಯಾವ ಊರಿನವರಮ್ಮ?"

ಅತ್ತಿಗೆ ತನ್ನ ಊರಿನ ಹೆಸರು ಹೇಳಿದಳು. ಅಂಚೆಯವನು ಆಶ್ಚರ್ಯದಿಂದ ನೋಡಿದ.

"ಆ ಊರಿನವರಾ! ನೋಡಿ, ಇಲ್ಲಿಗೆ ಲೋಕದ ಎಲ್ಲಾ ಮೂಲೆಯಿಂದ ಕಾಗದ ಬರುತ್ತೆ. ನಿಮ್ಮೂರಿಂದ ಮಾತ್ರ ಒಂದೂ ಬರಲ್ಲ. ಇಲ್ಲಿಂದ ಅಲ್ಲಿಗೆ ಎಷ್ಟೋ ಹೋಗುತ್ತೆ, ನಾನೇ ಕೈಯಾರೆ ಡಬ್ಬಿಯಿಂದ ತೆಗೀತೀನಿ. ಉತ್ತರ ಅನ್ನೋದೇ ಇಲ್ಲ. ಆ ಊರಿನವರು ಕಾಗದ ಬರೆಯೋ ಜನ ಅಲ್ಲ, ಸ್ವಲ್ಪ ಕಲ್ಲು ಮನಸ್ಸಿನವರು ಅಂತ ನಾವೆಲ್ಲ ಅಂದುಕೊಂಡುಬಿಟ್ಟಿದ್ದೀವಿ. ತಪ್ಪು ತಿಳ್ಕೋಬೇಡಿ."

ಅತ್ತಿಗೆ ಅವನ ಕೈಯಲ್ಲಿದ್ದ ಕಟ್ಟನ್ನೇ ನೋಡಿದಳು. ನಾದಿನಿಗೆ ಮಾತ್ರ ಸಿಟ್ಟು ಬಂತು.

"ಏನ್ರೀ ಹಾಗಂತೀರಿ? ನಮ್ಮ ಊರಿನವರಷ್ಟು ಬರೆಯೋರು ಯಾರಿದ್ದಾರೆ? ನಮ್ಮತ್ತಿಗೆ ಅದೇ ಕೆಲಸದಲ್ಲಿ..."

"ನೀಲಿ ಏಣಿ ಅಂತ ಇದೆಯಾ ಇಲ್ಲಿ?" ಅತ್ತಿಗೆ ಅವಳ ಮಾತನ್ನು ಅರ್ಧಕ್ಕೇ ಕತ್ತರಿಸಿದಳು.

"ಇಲ್ಲದೆ ಏನು? ಬನ್ನಿ, ನಾನೂ ಮೇಲೇ ಹೊರಟವನು."

ಮೆಟ್ಟಿಲುಗಳು ಕಡಿದಾಗಿದ್ದವು. ಇಕ್ಕೆಲದ ಬಾಗಿಲುಗಳು ತೆರೆದೇ ಇದ್ದವು. ಒಂದರಲ್ಲಿ ಮುದುಕಿಯೊಬ್ಬಳು ಮೊಮ್ಮಗಳ ಜಡೆ ಹೆಣೆಯುತ್ತಿದ್ದಳು; ಇನ್ನೊಂದರಲ್ಲಿ ಚಪ್ಪಲಿಯ ಅಟ್ಟೆಗೆ ಅಂಟು ಬಳಿಯುತ್ತಿದ್ದವನು ಇವರನ್ನು ಕಂಡು ಕಾಲು ಮಡಚಿ ದಾರಿ ಬಿಟ್ಟ. ನಾಲ್ಕು ಮನೆಯ ರೇಡಿಯೋ ನಾಲ್ಕು ಭಾಷೆಯಲ್ಲಿ ಹಾಡುತ್ತಿತ್ತು. ನಾದಿನಿ ಏದುಸಿರು ಬಿಡುತ್ತ ನಿಂತಾಗ, ಯಾರೋ ಹೆಂಗಸು ಕೇಳದೆಯೇ ಒಂದು ಚೊಂಬು ನೀರು ಚಾಚಿದಳು. ನಾದಿನಿ ಒಂದು ಕ್ಷಣ ಚೊಂಬನ್ನೂ ಅವಳ ಮುಖವನ್ನೂ ನೋಡಿ, ಗಟಗಟ ಕುಡಿದಳು. ಕುಡಿಯುವ ಭರದಲ್ಲಿ ಸೆರಗು ಸರಿದು ಕ್ಯಾಮೆರಾ ಹೊರಗೆ ಬಿತ್ತು. ಆ ಹೆಂಗಸು ನಕ್ಕು ಏನೋ ಹೇಳಿದಳು.

"ಏನಂದ್ರು?" ನಾದಿನಿ ಕೇಳಿದಳು.

ಅಂಚೆಯವನು ತುಟಿ ಬಿಗಿಹಿಡಿದ. "ಹೆರಿಗೆ ಸಲೀಸಾಯ್ತು ಅಂದಳು."

ನಾದಿನಿ ಹೊಟ್ಟೆ ಹಿಡಿದು ನಕ್ಕಳು. ಅತ್ತಿಗೆ ನಗಲಿಲ್ಲ. ಆಕೆ ಮೇಲೆ ನೋಡುತ್ತಿದ್ದಳು. ಹಳೆಯ ಹಡಗಿನಿಂದ ಕಳಚಿ ತಂದ ಕಬ್ಬಿಣದ ಏಣಿಯೊಂದು ಗೋಡೆಗೆ ಅಂಟಿ ನಿಂತಿತ್ತು. ದಟ್ಟ ನೀಲಿ ಬಣ್ಣ. ಕೆಳಗಿನ ಮೂರು ಮೆಟ್ಟಿಲು ಕಾಲು ತಾಗಿ ಸವೆದು ಬೆಳ್ಳಗಾಗಿದ್ದವು. ಬುಡದಲ್ಲಿ ಚಾಪೆ ಹಾಸಿಕೊಂಡು, ಕಾಲ್ಬೆರಳಿಗೆ ಬಲೆಯ ತುದಿ ಸಿಕ್ಕಿಸಿಕೊಂಡು, ಅರವತ್ತರ ಹೆಂಗಸೊಬ್ಬಳು ಮರದ ಸೂಜಿಯಿಂದ ಅದರ ಹರಿದ ಕಣ್ಣುಗಳನ್ನು ಹೆಣೆಯುತ್ತಿದ್ದಳು.

"ಬಲೆಯಕ್ಕ, ನಿನ್ನ ತಂಗಿ ಊರಿನವರು ಬಂದಿದ್ದಾರೆ," ಎಂದು ಹೇಳಿ ಅಂಚೆಯವನು ನೆತ್ತಿಯ ಕಡೆ ಹತ್ತಿಹೋದ.

ಬಲೆಯಕ್ಕನ ಸೂಜಿ ನಿಂತಿತು. ಮುಖ ಅರಳಿದ ಹಾಗೆ ಆಗಿ, ಮತ್ತೆ ಮುಚ್ಚಿಕೊಂಡಿತು.

"ಅವಳೇನಾದರೂ ಹೇಳಿ ಕಳಿಸಿದ್ದಾಳಾ?"

"ಇಲ್ಲಮ್ಮ. ನಾವು ಊರು ನೋಡೋಕೆ ಬಂದವರು," ಎಂದಳು ನಾದಿನಿ.

"ಅದೇ ಅಂದ್ಕೊಂಡೆ." ಸೂಜಿ ಮತ್ತೆ ಓಡತೊಡಗಿತು. "ಕೂತ್ಕೊಳ್ಳಿ, ಬಿಸಿಲಲ್ಲಿ ಬಂದಿದ್ದೀರಿ. ನಿಮ್ಮೂರಿನ ದೊಡ್ಡಾಸ್ಪತ್ರೆ ಇದೆಯಲ್ಲ, ಅಲ್ಲಿ ಬಟ್ಟೆ ಒಗೆಯೋ ಕಡೆ ಕೆಲಸ ಅವಳಿಗೆ. ನಾನೇ ಸಾಕಿದ್ದು. ಅಮ್ಮ ಹೋದಾಗ ಅವಳಿಗೆ ನಾಲ್ಕು ವರ್ಷ. ಗಂಡನ ಜೊತೆ ಅಲ್ಲಿಗೆ ಹೋದಳು. ಹನ್ನೊಂದು ವರ್ಷ ಆಯ್ತು. ನಾನು ನಾಲ್ಕು ಕಾಗದ ಹಾಕಿದೆ. ಒಂದಕ್ಕೂ ಉತ್ತರ ಇಲ್ಲ. ಪಟ್ಟಣದ ಕೆಲಸ ಸಿಕ್ಕಿದ ಮೇಲೆ ಏಣಿ ಕೆಳಗಿನ ಅಕ್ಕ ಯಾಕೆ ಬೇಕು? ನಾನೂ ಬಿಟ್ಟೆ."

"ಹೋಗಿ ಒಂದು ಸಲ ನೋಡಿ ಬರಬಹುದಿತ್ತಲ್ಲಾ," ಎಂದಳು ನಾದಿನಿ.

"ಹೋಗಬಹುದಿತ್ತು. ಬಾಗಿಲು ತೆಗೆದು, 'ಯಾಕೆ ಬಂದೆ?' ಅಂದುಬಿಟ್ರೆ? ಇಲ್ಲಿ ಕೂತು ಬೈಕೊಂಡಾದರೂ ಇರಬಹುದು. ಅದನ್ನ ಕೇಳಿಸ್ಕೊಂಡು ತಿರುಗಿ ಬರೋಕೆ ಆಗಲ್ಲ."

ಅತ್ತಿಗೆಯ ಕಣ್ಣಿಗೆ ಹಸಿರು ಶಾಯಿಯ ಗುಂಡು ಅಕ್ಷರ ಕಟ್ಟಿತು. ವರ್ಷಕ್ಕೆರಡು. ಎಣಿಸಿದರೆ ಇಪ್ಪತ್ತರ ಹತ್ತಿರ. ಪ್ರತಿಯೊಂದರ ಮೇಲೂ ತನ್ನದೇ ಕೈ.

"ಕಾಗದ... ದಾರಿ ತಪ್ಪಿರಬಹುದು," ಎಂದಳು.

"ಹನ್ನೊಂದು ವರ್ಷ ತಪ್ಪುತ್ತಾ ತಾಯಿ?"

ಬಸ್ಸಿಗೆ ಹೊತ್ತಾಯಿತೆಂದು ಇಬ್ಬರೂ ಎದ್ದರು. ನಾದಿನಿ ಏಣಿಯ ಪಟ ತೆಗೆಯಲು ಕ್ಯಾಮೆರಾ ಎತ್ತಿದಾಗ ಅತ್ತಿಗೆ ಅದನ್ನು ಕೈಯಿಂದ ತಗ್ಗಿಸಿದಳು.

ಅರ್ಧ ದಾರಿ ಇಳಿದ ಮೇಲೆ ಅತ್ತಿಗೆ ಒಂದು ಮೆಟ್ಟಿಲ ಮೇಲೆ ಕೂತಳು. ಕೂತಲ್ಲೇ ಎಲ್ಲವನ್ನೂ ನಾದಿನಿಗೆ ಹೇಳಿದಳು. ಸೀಲು, ಸಾಹೇಬರ ಹೊಗಳಿಕೆ, ಏಣಿಯ ತಮಾಷೆ, ಒಂದನ್ನೂ ಬಿಡಲಿಲ್ಲ.

"ನೀವೇನು ಬೇಕಂತ ಮಾಡಿದ್ದಾ ಅತ್ತಿಗೆ? ಕಚೇರಿ ರೂಲು," ಎಂದಳು ನಾದಿನಿ.

"ರೂಲು ಮಾಡಿದವಳೂ ನಾನೇ ಕಣೇ."

"ಆದರೂ ಯಾರಿಗೆ ಗೊತ್ತು? ಕುಂಬಳಕಾಯಿ ಕಳ್ಳ ಅಂತ ಯಾರೂ ಕೂಗಿಲ್ಲ, ನೀವಾಗೇ ಯಾಕೆ ಹೆಗಲು ಮುಟ್ಟಿ ನೋಡ್ಕೋತೀರಿ? ಊರಿಗೆ ಹೋಗಿ ಆ ಸೀಲು ಎಸೆದುಬಿಡಿ, ಮುಗೀತು. ಈಗ ಮೇಲೆ ಹೋಗಿ ಹೇಳಿದರೆ ಏನಾಗುತ್ತೆ ಗೊತ್ತಾ? ಇಡೀ ದಿಣ್ಣೆ ನಮ್ಮ ಮೇಲೆ ಬೀಳುತ್ತೆ."

"ಸೀಲು ಎಸೆಯೋದು ಆಮೇಲಿನ ಮಾತು," ಎಂದಳು ಅತ್ತಿಗೆ. "ತಂಗಿ ಬರೀತಾನೇ ಇದ್ದಳು ಅನ್ನೋದು ಈ ದಿಣ್ಣೆಯಲ್ಲಿ ಯಾರಿಗೂ ಗೊತ್ತಿಲ್ಲ. ನನಗೊಬ್ಬಳಿಗೇ ಗೊತ್ತು. ಅದನ್ನ ಬಾಯಲ್ಲಿಟ್ಟುಕೊಂಡು ಬಸ್ಸು ಹತ್ತಲಾ?"

ನಾದಿನಿ ಮೇಲಿನ ಮೆಟ್ಟಿಲುಗಳನ್ನು ನೋಡಿದಳು, ಕೆಳಗಿನವನ್ನು ನೋಡಿದಳು. "ಇಳಿಯೋಕೆ ಮುಂಚೆ ಹೇಳೋಕೇನಾಗಿತ್ತು ನಿಮಗೆ," ಎಂದು ಗೊಣಗಿ, ಅತ್ತಿಗೆಯ ತೋಳು ಹಿಡಿದು ಎಬ್ಬಿಸಿದಳು. ಇಬ್ಬರೂ ಮತ್ತೆ ಹತ್ತಿದರು.

ಬಲೆಯಕ್ಕ ತಲೆಯೆತ್ತಿ, "ಏನಾದರೂ ಮರೆತು ಹೋದ್ರಾ?" ಎಂದಳು.

"ಹೌದು," ಎಂದಳು ಅತ್ತಿಗೆ. ಚಾಪೆಯ ಮೇಲೆ ಕೂರದೆ, ನಿಂತೇ ಹೇಳಿದಳು. "ನಿಮ್ಮ ತಂಗಿ ಹಸಿರು ಶಾಯಿಯಲ್ಲಿ ಬರೀತಾರೆ. ಗುಂಡು ಅಕ್ಷರ. ವರ್ಷಕ್ಕೆ ಎರಡು ಕಾಗದ. ನಿಮ್ಮ ನಾಲ್ಕಕ್ಕೆ ಅವರು ಇಪ್ಪತ್ತು ಬರೆದಿದ್ದಾರೆ. ಎಲ್ಲವೂ ನನ್ನ ಮೇಜಿಗೆ ಬಂದವು. ಮನೆಗೆ ನಂಬರಿಲ್ಲ ಅಂತ ಎಲ್ಲವನ್ನೂ ನಾನೇ ವಾಪಸ್ ಕಳಿಸಿದೆ. ನೀಲಿ ಏಣಿ ಅಂತ ಓದಿ ನಗ್ತಾ ಇದ್ವಿ. ಇವತ್ತು ಬಂದದ್ದೂ ಅದಕ್ಕೇ. ಅಂಥದ್ದೊಂದು ಏಣಿ ಇದೆಯಾ ಅಂತ ನೋಡೋ ಚಪಲಕ್ಕೆ."

ಬಲೆಯಕ್ಕ ನೋಡುತ್ತಲೇ ಇದ್ದಳು. ಬೈಗುಳ ಬರುತ್ತದೆಂದು ನಾದಿನಿ ಅತ್ತಿಗೆಯ ಹಿಂದೆ ಸರಿದು ನಿಂತಳು. ಬೈಗುಳ ಬರಲಿಲ್ಲ. ಬಲೆಯ ಮೇಲೆ ಎರಡು ಹನಿ ಬಿದ್ದವು.

"ಇಪ್ಪತ್ತಾ?" ಎಂದಳು ಕೊನೆಗೆ.

"ಒಂದೆರಡು ಹೆಚ್ಚು ಕಡಿಮೆ."

"ಯಾವಾಗಿನವರೆಗೆ?"

ಅತ್ತಿಗೆ ಅದನ್ನೂ ಮುಚ್ಚಿಡಲಿಲ್ಲ. "ಎರಡು ವರ್ಷದಿಂದ ಬಂದಿಲ್ಲ. ಯಾಕೆ ಅಂತ ನನಗೆ ಗೊತ್ತಿಲ್ಲ."

ಬಲೆಯಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ಹೆಣೆಯಲು ಹೋದಳು, ಕಾಲ್ಬೆರಳಿನಿಂದ ಬಲೆಯ ತುದಿ ಜಾರಿತು. ಎರಡು ಸಲ ಸಿಕ್ಕಿಸಿದರೂ ಜಾರಿತು.

"ನಿಂತೇ ಇದ್ದೀಯಲ್ಲ," ಎಂದಳು ಅತ್ತಿಗೆಗೆ, ಇದ್ದಕ್ಕಿದ್ದಂತೆ ಏಕವಚನದಲ್ಲಿ. "ಈ ತುದಿ ಹಿಡ್ಕೋ. ಬಿಗಿಯಾಗಿ."

ಅತ್ತಿಗೆ ಕೂತು ತುದಿ ಹಿಡಿದಳು. ಹನ್ನೆರಡೋ ಹದಿಮೂರೋ ಕಣ್ಣು ಹೆಣೆದಾದ ಮೇಲೆ ಅತ್ತಿಗೆಯೇ ಕೇಳಿದಳು. "ಒಂದು ಕಾಗದ ಬರೆದುಕೊಡಿ. ನಾನೇ ಕೈಯಾರೆ ತಗೊಂಡು ಹೋಗಿ ಅವರಿಗೆ ಮುಟ್ಟಿಸ್ತೀನಿ."

"ಬೇಡ," ಎಂದಳು ಬಲೆಯಕ್ಕ. "ಬರೀತೀನಿ. ಆದರೆ ಡಬ್ಬಿಗೇ ಹಾಕ್ತೀನಿ. ನನ್ನ ಕಾಗದ ಹೋಗೋ ದಾರಿ ಸರಿಯಾಗೇ ಇದೆ. ಅವಳದು ಬರೋ ದಾರಿ ತಾನೇ ಕೆಟ್ಟಿರೋದು? ಅದನ್ನ ನೀನು ನೋಡ್ಕೋ."

ರಜೆ ಮುಗಿದು ಕೆಲಸಕ್ಕೆ ಹೋದ ದಿನವೇ ಅತ್ತಿಗೆ ಸಾಹೇಬರ ಕೋಣೆಗೆ ಹೋದಳು. ಸಾಹೇಬರು ಎಲ್ಲವನ್ನೂ ಕೇಳಿ ಕುರ್ಚಿಗೆ ಒರಗಿದರು.

"ರೂಲು ನೀವೇ ಮಾಡಿದ್ದಲ್ವೇನಮ್ಮ? ಕೆಲಸ ಹಗುರ ಆಗಿದೆ. ಈಗ ಆ ಕಾಗದಗಳೆಲ್ಲ ಅಲ್ಲಿಗೆ ಹೋಗಿ ಆಳು ಸಿಗದೆ ವಾಪಸ್ ಬಂದರೆ?"

"ಅಲ್ಲಿ ಆಳು ಸಿಗ್ತಾರೆ ಸರ್. ಬಟವಾಡೆ ಮಾಡೋರನ್ನ ನಾನೇ ನೋಡಿ ಬಂದಿದ್ದೀನಿ. ನಮ್ಮ ಗೂಡಿಗೆ ನಂಬರ್ ಬೇಕು, ಅವರ ಕಾಲಿಗೆ ಬೇಡ. ಒಂದು ತಿಂಗಳು ಬಿಟ್ಟು ನೋಡಿ. ವಾಪಸ್ ಬಂದರೆ ನನ್ನ ಮೇಲೇ ಬರೀರಿ."

"ಬರೆದೇ ಬರೀತೀನಿ," ಎಂದರು ಸಾಹೇಬರು. ಆದರೆ ಬೇಡ ಎನ್ನಲಿಲ್ಲ.

ಹದಿನಾರರ ಪಕ್ಕದ ಖಾಲಿ ಗೂಡಿಗೆ ಅತ್ತಿಗೆ 'ಹಡಗುಕಟ್ಟೆ ದಿಣ್ಣೆ' ಎಂದು ಚೀಟಿ ಅಂಟಿಸಿದಳು. ಮುರಿದ ಲಂಗರು, ಎರಡು ಬಾಗಿಲ ಮನೆ, ಕೊಡೆ ರಿಪೇರಿ, ಎಲ್ಲವೂ ಅದರೊಳಗೆ ಬೀಳತೊಡಗಿದವು. ಮೀಸೆಯವರು ಒಂದು ವಾರ ಗೊಣಗಿದರು. "ಮೇಡಂ ಸಮುದ್ರಸ್ನಾನ ಮಾಡಿ ಬಂದ ಮೇಲೆ ನಮಗೆಲ್ಲ ಪುಣ್ಯ ಹಂಚ್ತಿದ್ದಾರಪ್ಪ!" ಎಂದರು. ಹನ್ನೆರಡನೆಯ ದಿನ ಅವರೇ ಒಂದು ಕಾರ್ಡು ತಂದು ಆಕೆಯ ಮೇಜಿನ ಮೇಲಿಟ್ಟು ಹೋದರು. ಅದರಲ್ಲಿ ಬರೆದಿತ್ತು: 'ನಿಮ್ಮೂರಿನಿಂದ ಹದಿನಾಲ್ಕು ಕಾಗದ ಬಂದವು. ಹದಿನಾಲ್ಕೂ ಮುಟ್ಟಿದವು. ಕಲ್ಲು ಮನಸ್ಸು ಅಂದದ್ದನ್ನು ವಾಪಸ್ ತೆಗೆದುಕೊಂಡಿದ್ದೇವೆ. ಮಂಡಿ ನೋವು ಹೆಚ್ಚಾಗಿದೆ. ಹೀಗೇ ಕಳಿಸುತ್ತಿರಿ.'

ಆದರೆ ಹಸಿರು ಶಾಯಿ ಮಾತ್ರ ಬರಲಿಲ್ಲ. ಬಲೆಯಕ್ಕನ ಕಾಗದ ಆಸ್ಪತ್ರೆಗೆ ಮುಟ್ಟಿದ್ದನ್ನು ಅತ್ತಿಗೆ ಬಲ್ಲಳು. ಆ ಬೀದಿಯ ಅಂಚೆಯವನನ್ನೇ ಕೇಳಿ ತಿಳಿದಿದ್ದಳು. "ಹೆಂಗಸೊಬ್ಬಳು ತಗೊಂಡಳು ಮೇಡಂ, ಒದ್ದೆ ಕೈ ಒರೆಸಿಕೊಂಡು. ಕವರು ತಿರುಗಿಸಿ ತಿರುಗಿಸಿ ನೋಡ್ತಿದ್ದಳು. ತೆರೆದದ್ದು ನಾನು ನೋಡಲಿಲ್ಲ." ಎರಡೂ ಹೊತ್ತು ಚೀಲ ಸುರಿದಾಗ ಅತ್ತಿಗೆಯ ಕಣ್ಣು ಮೊದಲು ಹಸಿರನ್ನು ಹುಡುಕುತ್ತಿತ್ತು. ಸಂಜೆ ನಾದಿನಿ ಬಾಗಿಲಲ್ಲೇ ಕೇಳುತ್ತಿದ್ದಳು, "ಬಂತಾ?" ಅತ್ತಿಗೆ ಇಲ್ಲವೆಂದು ತಲೆಯಾಡಿಸುತ್ತಿದ್ದಳು. "ತಂಗಿಗೆ ಸಿಟ್ಟಿರಬೇಕು ಬಿಡಿ. ಇಪ್ಪತ್ತು ಸಲ ಮುಖಕ್ಕೆ ಹೊಡೆದ ಹಾಗೆ ವಾಪಸ್ ಬಂದರೆ ಇಪ್ಪತ್ತೊಂದನೇದನ್ನ ಯಾರು ಬರೀತಾರೆ?" ಎಂದಳು ನಾದಿನಿ ಒಂದು ದಿನ. ಅಂದ ಮೇಲೆ ಅವಳಿಗೇ ಬೇಸರವಾಯಿತು.

ಹತ್ತೊಂಬತ್ತನೆಯ ದಿನ ಬೆಳಗ್ಗೆ ಚೀಲದಿಂದ ಕಾಗದಗಳ ಜೊತೆ ಒಂದು ದಪ್ಪ ಪೊಟ್ಟಣ ಬಿತ್ತು. ಕಂದು ಕಾಗದ, ಮೇಲೆ ದಾರದ ಬದಲು ಬಿಳಿ ಬಟ್ಟೆಯ ಪಟ್ಟಿ ಸುತ್ತಿತ್ತು. ಆಸ್ಪತ್ರೆಯಲ್ಲಿ ಗಾಯಕ್ಕೆ ಕಟ್ಟುತ್ತಾರಲ್ಲ, ಅಂಥದು, ಒಗೆದು ಇಸ್ತ್ರಿ ಮಾಡಿದ್ದು. ಹಸಿರು ಶಾಯಿಯಲ್ಲಿ ಬರೆದಿತ್ತು: 'ಬಲೆಯಕ್ಕನಿಗೆ, ನೀಲಿ ಏಣಿ, ಹಡಗುಕಟ್ಟೆ ದಿಣ್ಣೆ.'

ಅತ್ತಿಗೆ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ಒಂದು ಮೂಲೆ ಉಜ್ಜಿ ಹರಿದಿತ್ತು. ಒಳಗೆ ಒಂದರ ಮೇಲೊಂದು ಜೋಡಿಸಿದ ಲಕೋಟೆಗಳ ಅಂಚು. ಪ್ರತಿ ಅಂಚಿನಲ್ಲೂ ಒಂದಿಷ್ಟು ನೇರಳೆ ಬಣ್ಣ. ಹಳೆಯದರಲ್ಲಿ ಮಾಸಿದ್ದು, ಮೇಲಿನದರಲ್ಲಿ ಇನ್ನೂ ಕಡು. ಅವು ಯಾರ ಸೀಲು ಎಂದು ಆಕೆಗೆ ತೆರೆದು ನೋಡಬೇಕಿರಲಿಲ್ಲ. ಒಂದನ್ನೂ ಬಿಡದೆ ತಂಗಿ ಎತ್ತಿಟ್ಟಿದ್ದಳು.

"ಏನು ಮೇಡಂ ಅದು?" ಮೀಸೆಯವರು ಕತ್ತು ಚಾಚಿದರು. ವಿಳಾಸ ಓದಿದರು. ಹಳೆಯ ಅಭ್ಯಾಸದ ನಗು ಮೀಸೆಯವರೆಗೆ ಬಂದು ನಿಂತಿತು. ಮೆಲ್ಲಗೆ ಕೇಳಿದರು, "ಏಣಿಗಾ?"

"ಏಣಿ ಕೆಳಗೆ ಒಬ್ಬ ಅಕ್ಕ ಕೂತಿರ್ತಾರೆ. ಅವರಿಗೆ."

ಮೀಸೆಯವರು ಗೋಂದಿನ ಡಬ್ಬಿಯನ್ನು ಆಕೆಯ ಕಡೆ ಸರಿಸಿದರು. ಅತ್ತಿಗೆ ಹರಿದ ಮೂಲೆಗೆ ಗಟ್ಟಿ ಕಾಗದದ ತುಂಡು ಅಂಟಿಸಿ, ಒಣಗುವವರೆಗೆ ಅಂಗೈಯಿಂದ ಒತ್ತಿ ಹಿಡಿದು ಕೂತಳು. ಪೊಟ್ಟಣ ದಿಣ್ಣೆಯ ಗೂಡಿನಲ್ಲಿ ಹಿಡಿಯಲಿಲ್ಲ. ಆಕೆ ಎದ್ದು, ಕಡಲ ನಗರದ ಚೀಲದ ಹತ್ತಿರ ತಾನೇ ನಡೆದುಹೋಗಿ, ಮಡಚದಂತೆ ಅದನ್ನು ತಳದಲ್ಲಿ ಮಟ್ಟಸವಾಗಿ ಮಲಗಿಸಿದಳು. ಮಿಕ್ಕ ಕಾಗದಗಳನ್ನು ಅದರ ಮೇಲೆ ಹಾಕಿ, ಚೀಲದ ಬಾಯಿ ಕಟ್ಟಿದಳು.